ಸತ್ತವರ ತೋಪಿನಲ್ಲಿ ಪಾಠ

ಆ ಬೆಳಿಗ್ಗೆ ಒಗೀಚಿ ಹೊಳೆಯ ಕಡೆಯಿಂದ ಮಂಜು ಏಳಲಿಲ್ಲ. ರಾತ್ರಿಯೆಲ್ಲ ಆಕಾಶ ತೆರೆದುಕೊಂಡೇ ಇದ್ದುದರಿಂದ ಇಬ್ಬನಿ ಬಿದ್ದಲ್ಲೇ ಹೆಪ್ಪುಗಟ್ಟಿ, ಹತ್ತಿ ಬಿಡಿಸಿ ಬೋಳಾಗಿದ್ದ ಗಿಡಗಳ ಮೇಲೆ, ಬೇಲಿಯ ಮೇಲೆ, ಗುಡಿಸಲುಗಳ ಹಲಗೆ ಮಾಡಿನ ಮೇಲೆ ಬೆಳ್ಳಗೆ ಕೂತಿತ್ತು. ಒಂದು ಜಾಗದಲ್ಲಿ ಮಾತ್ರ ಅದು ಕೂತಿರಲಿಲ್ಲ. ಶಾಲೆ ಇದ್ದ ಕಡೆ ನೆಲ ಇನ್ನೂ ಬೆಚ್ಚಗಿತ್ತು.

ಜಿಲ್ಪಾ ಆ ಬೆಚ್ಚನೆಯ ನೆಲದ ಅಂಚಿನಲ್ಲಿ ನಿಂತಿದ್ದಳು. ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ಊರಿನವರೆಲ್ಲ ಸೇರಿ ದಿಮ್ಮಿ ಕಡಿದು, ಸಂದಿಗೆ ಮಣ್ಣು ಮೆತ್ತಿ ಎಬ್ಬಿಸಿದ ಮನೆ ಅದು. ಭಾನುವಾರ ಅದರಲ್ಲೇ ಪ್ರಾರ್ಥನೆ, ಉಳಿದ ದಿನ ಅದರಲ್ಲೇ ಪಾಠ. ಈಗ ಅದು ಮೊಣಕಾಲೆತ್ತರದ ಕರಿಯ ಚೌಕವಾಗಿತ್ತು. ಮಧ್ಯದಲ್ಲಿ ಒಲೆಯ ಕಲ್ಲುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ನಿಂತಿದ್ದವು. ಜಿಲ್ಪಾಳಿಗೆ ಅಳು ಬರಲಿಲ್ಲ. ಅವಳು ಬಟ್ಟೆ ಒಗೆಯುವ ಹೆಂಗಸು. ಕಲೆ ಬಿದ್ದದ್ದನ್ನು ಕಂಡರೆ ಅವಳ ಮನಸ್ಸು ಮೊದಲು ಹೋಗುತ್ತಿದ್ದುದು ನೀರು ಎಲ್ಲಿದೆ ಎಂಬ ಕಡೆಗೆ.

ಒಬ್ಬೊಬ್ಬರೇ ಬಂದು ಸೇರಿದರು. ಪಕ್ಕದ ಗುಡಿಸಲಿನ ಬಿನಾ ಶಾಲು ಹೊದ್ದುಕೊಂಡು ಬಂದಳು. ಬಂದವಳು ಬೂದಿಯನ್ನು ನೋಡಿದಳು, ಆಮೇಲೆ ಜನರನ್ನು ನೋಡಿದಳು.

"ರಾತ್ರಿ ಕುದುರೆ ಏರಿ ಬಂದು ಬೆಂಕಿ ಇಟ್ಟವರು ದೆವ್ವಗಳಂತೆ," ಎಂದಳು. "ಯುದ್ಧದಲ್ಲಿ ಸತ್ತ ಸಿಪಾಯಿಗಳಂತೆ. ನರಕದಲ್ಲಿ ನೀರಿಲ್ಲ, ಒಂದು ಬಕೆಟ್ ನೀರು ಕೊಡು ಅಂತ ಒಂದು ಬಂದು ನನ್ನ ಬಾಗಿಲಲ್ಲಿ ನಿಂತಿತ್ತು."

"ಕೊಟ್ಟೆಯಾ?" ಎಂದು ಒಬ್ಬರು ಕೇಳಿದರು.

"ಕೊಟ್ಟೆ. ಕುಡಿದು ತೇಗಿತು. ತೇಗಿನಲ್ಲಿ ವಿಸ್ಕಿ ವಾಸನೆ. ಅಲ್ಲಿ ನೀರಿಲ್ಲದಿದ್ದರೂ ಅದಕ್ಕೇನೂ ಕೊರತೆ ಇಲ್ಲ ಅಂತ ಕಾಣುತ್ತೆ."

ಯಾರೋ ಮೂಗಿನಲ್ಲೇ ನಕ್ಕರು. ಜಿಲ್ಪಾ ಬೂದಿಯಿಂದ ಕಣ್ಣು ತೆಗೆಯದೆ ಹೇಳಿದಳು: "ನನ್ನ ಅಂಗಳಕ್ಕೆ ಬಂದ ದೆವ್ವ ಹೊದ್ದಿದ್ದ ಚಾದರಕ್ಕೆ ಮೂಲೆಯಲ್ಲಿ ಒಂದು ತೇಪೆ ಇತ್ತು. ಆ ತೇಪೆ ಹಾಕಿದವಳು ನಾನು. ಹೋದ ವಾರ ಒಗೆದು, ಗಂಜಿ ಹಾಕಿ, ಮಡಿಸಿ ಕೊಟ್ಟು ಬಂದಿದ್ದೆ."

ಯಾರ ಮನೆಗೆ ಎಂದು ಯಾರೂ ಕೇಳಲಿಲ್ಲ. ಜಿಲ್ಪಾ ಬಟ್ಟೆ ಒಗೆಯುತ್ತಿದ್ದ ಬಿಳಿಯರ ಮನೆ ಒಂದೇ. ಸುತ್ತಲಿನ ಹೊಲವೆಲ್ಲ ಯಾರದೋ ಆ ಟ್ರಿಂಬಲ್ ಧಣಿಯ ಮನೆ. ಯುದ್ಧ ಮುಗಿದು ಗುಲಾಮಗಿರಿಯಿಂದ ಬಿಡುಗಡೆಯಾಗಿ ಮೂರು ವರ್ಷವಾಗಿದ್ದರೂ ಅಲ್ಲಿ ನಿಂತಿದ್ದ ಎಲ್ಲರೂ ಅವನ ಹೊಲದಲ್ಲೇ ಪಾಲಿಗೆ ದುಡಿಯುವವರು, ಅವನ ಗುಡಿಸಲುಗಳಲ್ಲೇ ಮಲಗುವವರು. ಶಾಲೆಯ ಜಾಗವನ್ನು ಮಾತ್ರ ಹೊಳೆಯಾಚೆಯ ಒಬ್ಬ ಬಡ ಬಿಳಿಯನಿಂದ ಗೇಣಿಗೆ ಹಿಡಿದಿದ್ದರು. ಅವನೂ ಆ ಬೆಳಿಗ್ಗೆ ದೂರದಲ್ಲಿ ನಿಂತು, ಇನ್ನೊಂದು ಮನೆ ಇಲ್ಲಿ ಕಟ್ಟಬೇಡಿ, ನನ್ನ ಹುಲ್ಲಿನ ಬಣವೆಗೂ ಬೆಂಕಿ ಬೀಳುತ್ತದೆ ಎಂದು ಹೇಳಿ ಹೋಗಿದ್ದ.

ಮೇಷ್ಟ್ರಮ್ಮ ಓರ್ಫಾ ಗೇನ್ಸ್ ಕೊನೆಗೆ ಬಂದಳು. ಸವಾನ್ನಾ ಪಟ್ಟಣದಿಂದ ಬಂದಿದ್ದ ಇಪ್ಪತ್ತೆರಡರ ಹುಡುಗಿ, ಅವರಂತೆಯೇ ಕರಿಯ ಬಣ್ಣದವಳು, ಜಿಲ್ಪಾಳ ಗುಡಿಸಲಿನಲ್ಲೇ ಅವಳ ವಾಸ. ಬೆಂಕಿ ಆರಿಸಲು ಹೋಗಿ ಕೈ ಸುಟ್ಟುಕೊಂಡಿದ್ದಳು. ಹಂದಿಕೊಬ್ಬು ಸವರಿ ಬಟ್ಟೆ ಸುತ್ತಿತ್ತು. ಇನ್ನೊಂದು ಕೈಯಲ್ಲಿ ಚೀಲ, ಚೀಲದಲ್ಲಿ ಉಳಿದಿದ್ದ ಒಂದೇ ಪುಸ್ತಕ.

"ನಾಳೆ ಪಾಠ ಎಲ್ಲಿ?" ಎಂದು ಕೇಳಿದಳು ಅವಳು.

ಜನ ನೆಲ ನೋಡಿದರು. ಯಾರ ಗುಡಿಸಲಿಗೆ ಕರೆದರೂ ಆ ಗುಡಿಸಲು ಹೋಗುತ್ತದೆ, ಮಕ್ಕಳ ಸಮೇತ ಬೀದಿಗೆ ಬೀಳಬೇಕು. ಅದು ಅವಳಿಗೂ ಗೊತ್ತು. ಉಪದೇಶಿ ಜೂಲೈ ತಾತ ಟೋಪಿ ತೆಗೆದು ಬೋಳುತಲೆ ಸವರಿಕೊಂಡ. ಜುಲೈ ತಿಂಗಳಲ್ಲಿ ಹುಟ್ಟಿದವನೆಂದು ಹಳೆ ಧಣಿ ಇಟ್ಟ ಹೆಸರು ಅದು. ಓದು ಬಾರದಿದ್ದರೂ ಅರ್ಧ ಬೈಬಲು ಅವನ ಬಾಯಲ್ಲಿತ್ತು. "ಕರ್ತನು ದಾರಿ ತೋರಿಸುತ್ತಾನೆ," ಎಂದ ತಾತ.

"ತೋರಿಸಿದ್ದಾನೆ," ಎಂದಳು ಜಿಲ್ಪಾ. "ತೋಪು ಇದೆಯಲ್ಲ."

ಬಿನಾಳ ಶಾಲು ಹೆಗಲಿನಿಂದ ಜಾರಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ತೋಪು ಎಂದರೆ ಸತ್ತವರ ತೋಪು. ಹೊಲದ ತಗ್ಗಿನಲ್ಲಿ ಪೈನ್ ಮರಗಳ ಕೆಳಗಿನ ಮರಳುನೆಲ. ಹಳೆ ಧಣಿಯ ಕಾಲದಲ್ಲಿ ಗುಲಾಮರನ್ನು ಅಲ್ಲೇ ಹೂಳುತ್ತಿದ್ದರು. ಕಲ್ಲಿಲ್ಲ, ಹೆಸರಿಲ್ಲ. ಒಬ್ಬೊಬ್ಬರ ಗೋರಿಯ ಮೇಲೆ ಅವರು ಕೊನೆಗೆ ಮುಟ್ಟಿದ ವಸ್ತು ಇರುತ್ತಿತ್ತು. ಒಂದು ಬಟ್ಟಲು, ಒಂದು ಚಮಚ, ದೀಪದ ಗಾಜು. ಇಡುವ ಮೊದಲು ಅದನ್ನು ಒಡೆದಿಡುತ್ತಿದ್ದರು, ಮನೆಯಲ್ಲಿ ಉಳಿದವರು ಸತ್ತವರ ಹಿಂದೆ ಹೋಗದಿರಲಿ ಎಂದು. ಅಲ್ಲಿಂದ ಯಾರೂ ಏನೂ ತರುವಂತಿಲ್ಲ. ಗೋರಿ ದಾಟುವಂತಿಲ್ಲ, ತುಳಿಯುವಂತಿಲ್ಲ, ಅದರ ಮೇಲೆ ಕೂರುವುದಂತೂ ಮಕ್ಕಳು ಕನಸಿನಲ್ಲೂ ಮಾಡದ ಕೆಲಸ. ನೆಲದಲ್ಲಿ ಒಂದು ಹುಲ್ಲುಕಡ್ಡಿ ಏಳಬಾರದು. ಜಿಲ್ಪಾ ವಾರವಾರ ಕಾಡುಪೊದೆಯ ಪೊರಕೆ ಕಟ್ಟಿಕೊಂಡು ಹೋಗಿ ಗುಡಿಸಿ ಬರುತ್ತಿದ್ದಳು. ಅವಳ ತಾಯಿ ಗುಡಿಸುತ್ತಿದ್ದಳು, ಈಗ ಇವಳು. ತಾಯಿ ಅಲ್ಲೇ ಇದ್ದಾಳೆ. ಬಿಡುಗಡೆಯಾದ ಮರುವರ್ಷ ಜ್ವರದಲ್ಲಿ ಹೋದ ಮಗಳು ಮೀಲಿಯೂ ಅಲ್ಲೇ ಇದ್ದಾಳೆ, ಹೊಲದ ಕಡೆಯ ಅಂಚಿನಲ್ಲಿ.

"ಸತ್ತವರನ್ನ ಎಬ್ಬಿಸಬಾರದು ಕಣಮ್ಮ," ಎಂದ ಜೂಲೈ ತಾತ.

"ಎಬ್ಬಿಸೋದು ಯಾಕೆ ತಾತ? ಪಕ್ಕದಲ್ಲಿ ಕೂತು ಓದ್ತೀವಿ. ಇದ್ದಾಗ ಅವರು ಅಕ್ಷರ ಮುಟ್ಟಿದರೆ ಬೆನ್ನಿನ ಮೇಲೆ ಬಾರುಕೋಲು ಬೀಳ್ತಿತ್ತು. ಈಗ ಹೊಡೆಯೋಕೆ ಯಾರಿಗೂ ಅವರ ಬೆನ್ನು ಸಿಗಲ್ಲ. ಕೇಳಿಸಿಕೊಳ್ಳಲಿ."

"ಮತ್ತೆ ಆ ಕುದುರೆಯವರು ಅಲ್ಲಿಗೂ ಬಂದರೆ?"

"ಚಾದರ ಹೊದ್ದ ದೆವ್ವಗಳು ನಿಜವಾದ ದೆವ್ವಗಳಿರೋ ಕಡೆ ಬರ್ತಾವಾ? ಅಲ್ಲಿ ಸುಡೋಕೆ ಏನಿದೆ? ಮನೆ ಇಲ್ಲ, ಮಾಡಿಲ್ಲ. ಮರಳು ಉರಿಯುತ್ತಾ?"

ತಾತ ಟೋಪಿ ಮತ್ತೆ ತಲೆಗಿಟ್ಟುಕೊಂಡು, "ಮೊದಲು ಅವರನ್ನ ಒಂದು ಮಾತು ಕೇಳಿಬಿಡು," ಎಂದ. "ಅವರ ಮನೆ ಅದು."

ಅಂದೇ ಮಧ್ಯಾಹ್ನ ಜಿಲ್ಪಾ ಒಬ್ಬಳೇ ಹೋದಳು. ಮೊದಲು ಗುಡಿಸಿದಳು. ಗುಡಿಸುವಾಗ ಅವಳು ದೇವರ ಜೊತೆ ಮಾತಾಡುತ್ತಿದ್ದಳು. ಪ್ರಾರ್ಥನೆ ಎಂದು ಬೇರೆ ಸಮಯ ಅವಳಿಗಿರಲಿಲ್ಲ. ಕೈ ಕೆಲಸದಲ್ಲಿದ್ದಾಗ ಬಾಯಿ ಆತನ ಕಡೆ ತಿರುಗುತ್ತಿತ್ತು. ಗುಡಿಸಿ ಮುಗಿದ ಮೇಲೆ ಪೊರಕೆ ಮರಕ್ಕೆ ಒರಗಿಸಿ, ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡು, ಬದುಕಿರುವವರ ಜೊತೆ ಮಾತಾಡುವಷ್ಟೇ ಸಹಜವಾಗಿ ಹೇಳಿದಳು.

"ಮಕ್ಕಳನ್ನ ಕರ್ಕೊಂಡು ಬರ್ತೀವಿ. ಗಲಾಟೆ ಮಾಡ್ತಾರೆ. ಬೇಡ ಅನ್ನೋದಾದರೆ ಈಗಲೇ ಹೇಳಿಬಿಡಿ."

ಕಾದಳು. ಪೈನ್ ಮರಗಳಲ್ಲಿ ಗಾಳಿ ಒಮ್ಮೆ ಹಾದುಹೋಗಿ ನಿಂತಿತು. ಅವಳಿಗೆ ತಿಳಿದ ಮಟ್ಟಿಗೆ ಸತ್ತವರು ಒಪ್ಪಿಗೆಗೆ ಬಾಯಿ ಬಿಡುವವರಲ್ಲ. ಬೇಡವಾದದ್ದಕ್ಕೆ ಮಾತ್ರ ಬಿಡುತ್ತಾರೆ. ಅವಳು ಊರಿಗೆ ಬಂದು, "ಆಗಬಹುದಂತೆ," ಎಂದಳು.

ಹೀಗೆ ಪಾಠ ಶುರುವಾಯಿತು. ಗೋರಿಗಳ ನಡುವಿನ ಓಣಿಗಳಲ್ಲಿ ಮಕ್ಕಳು ಸಾಲಾಗಿ ಕೂತರು. ಹೊಲದ ಕೆಲಸ ಮುಗಿಸಿದ ದೊಡ್ಡವರು ಸಂಜೆ ಬೆಳಕಿರುವಷ್ಟು ಹೊತ್ತು ಬಂದು ಕೂತರು. ಹಲಗೆ ಬಳಪ ಸುಟ್ಟುಹೋಗಿದ್ದವು. ಓರ್ಫಾ ಗುಡಿಸಿದ ಮರಳನ್ನು ನೋಡಿದಳು, ಒಂದು ಕಡ್ಡಿ ಮುರಿದುಕೊಂಡಳು. "ಇದಕ್ಕಿಂತ ದೊಡ್ಡ ಹಲಗೆ ಸವಾನ್ನಾದ ಶಾಲೆಯಲ್ಲೂ ಇಲ್ಲ," ಎಂದಳು. ಪುಸ್ತಕ ಒಂದೇ ಆದ್ದರಿಂದ ಅದನ್ನು ಮುಚ್ಚಿಟ್ಟು, ಹತ್ತಿರದ ಗೋರಿ ತೋರಿಸಿ ಕೇಳಿದಳು: "ಇವರ ಹೆಸರೇನು?"

"ಪೀಟರ್ ಮಾವ," ಎಂದವು ಮಕ್ಕಳು. "ಅವರಿಗೆ ಒಂದು ಕಿವಿ ಇರಲಿಲ್ಲ."

"ಹೆಸರು ಸಾಕು. ಕಿವಿ ಬರೆಯೋದು ಬೇಡ."

ಆ ದಿನದಿಂದ ದಿನಕ್ಕೊಬ್ಬರ ಹೆಸರು. ಯಾರ ಗೋರಿಯೋ ಅವರ ಮನೆಯವರು ಎದ್ದು ನಿಂತು, ಸತ್ತವರ ಬಗ್ಗೆ ಒಂದು ಮಾತು ಹೇಳುವರು. ಆಮೇಲೆ ಎಲ್ಲರೂ ಅವರ ಪಾದದ ಬಳಿ ಮರಳಿನಲ್ಲಿ ಆ ಹೆಸರು ಬರೆಯುವರು. ಬಿನಾಳ ಗಂಡನ ಸರದಿ ಬಂದಾಗ ಅವಳು, "ಗೊರಕೆ ಹೊಡೀತಿದ್ದ, ಬೇರೆ ದೋಷ ಇರಲಿಲ್ಲ," ಎಂದು ಹೇಳಿ ಕೂತು, ಕಣ್ಣೊರೆಸಿಕೊಂಡಳು.

ಮೀಲಿಯ ದಿನ ಜಿಲ್ಪಾ ಎದ್ದು ನಿಲ್ಲದೆ ಕಡ್ಡಿಗೆ ಕೈ ಚಾಚಿದಳು. ಓರ್ಫಾ ಅವಳ ಕೈ ಹಿಡಿದು ಬರೆಸಿದಳು. ಸೋಪುನೀರಿನಲ್ಲಿ ಬಿರಿದ ಆ ಬೆರಳುಗಳಿಗೆ ಕಡ್ಡಿ ಹಿಡಿಯುವುದು ಹೊಸದು. ಗೀಟುಗಳು ಬೇಲಿಯ ಕಂಬಗಳ ಹಾಗೆ ಒಂದೊಂದು ಕಡೆ ವಾಲಿದವು. ಆದರೂ ಅದು ಮೀಲಿಯ ಹೆಸರೇ. ಓರ್ಫಾ ಓದಿ ತೋರಿಸಿದಳು. ಜಿಲ್ಪಾ ಬಗ್ಗಿ ಬಗ್ಗಿ ನೋಡಿದಳು. ಮಗಳು ಹುಟ್ಟಿದಾಗ ಹಳೆ ಧಣಿಯ ಗುಮಾಸ್ತ ಒಂದು ಪುಸ್ತಕದಲ್ಲಿ ಕರು ಹಾಕಿದ ಹಸುಗಳ ಕೆಳಗೆ ಏನೋ ಬರೆದುಕೊಂಡಿದ್ದ. ಅದೂ ಇದೇ ಹೆಸರಿರಬೇಕು. ಅದನ್ನು ಬರೆದದ್ದು ಧಣಿಯ ಲೆಕ್ಕಕ್ಕಾಗಿ. ಇದು ಹಾಗಲ್ಲ.

ಆ ವಾರ ಅವಳು ಆ ಹೆಸರಿನ ಸುತ್ತ ಗುಡಿಸಿದಳು, ಹೆಸರನ್ನು ಬಿಟ್ಟು. ಆಮೇಲೆ ಒಂದು ಮಳೆ ಬಂದು ಅದನ್ನು ಅಳಿಸಿತು. ಮಕ್ಕಳು ಅವಳ ಮುಖ ನೋಡಿದವು.

"ಅದಕ್ಕೇನು," ಎಂದಳು ಜಿಲ್ಪಾ. ಕಡ್ಡಿ ತೆಗೆದುಕೊಂಡು, ಯಾರೂ ಕೈ ಹಿಡಿಯದೆ, ಮತ್ತೆ ಬರೆದಳು.

ಫೆಬ್ರವರಿಯ ಕೊನೆಗೆ, ಉಳುಮೆ ಶುರುವಾಗುವ ಹೊತ್ತಿನಲ್ಲಿ, ಟ್ರಿಂಬಲ್ ಕುದುರೆಗಾಡಿಯಲ್ಲಿ ತೋಪಿನ ಅಂಚಿಗೆ ಬಂದ. ಇಳಿಯಲಿಲ್ಲ. ಅವನದು ದೊಡ್ಡ ಗಂಟಲಲ್ಲ, ಬೇಕಾಗಿರಲೂ ಇಲ್ಲ. ಅವನು ಬಾಯಿ ತೆರೆದರೆ ಸುತ್ತಲಿನವರು ಸುಮ್ಮನಾಗುವುದು ಅವನಿಗೆ ಹುಟ್ಟಿದಾಗಿನಿಂದ ಅಭ್ಯಾಸ.

"ಜಿಲ್ಪಾ, ಏನಿದು?"

"ಪಾಠ, ಟ್ರಿಂಬಲ್ ಸಾಹೇಬರೇ."

ಹಿಂದೆಲ್ಲ ಅವಳು ಧಣಿ ಎನ್ನುತ್ತಿದ್ದಳು. ಅವನು ಅದನ್ನು ಗಮನಿಸಿದ. ಗಾಡಿಯ ಚಾವಟಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

"ನಮ್ಮಪ್ಪ ಈ ನೆಲ ಸತ್ತವರಿಗೆ ಬಿಟ್ಟಿದ್ದು. ನಾನೂ ಬಿಟ್ಟಿದ್ದೆ. ಸತ್ತವರಿಗೆ ಮಾತ್ರ. ಇದು ಶಾಲೆ ಆಗೋದಾದರೆ ನಾನು ಯಾರಿಗೂ ಯಾವ ಶಾಲೆಗೂ ನೆಲ ಕೊಟ್ಟಿಲ್ಲ. ನಾಳೆಯಿಂದ ಇಲ್ಲಿ ಒಂದು ನರಪಿಳ್ಳೆಯೂ ಕೂರದಿದ್ದರೆ ಇದು ಹೀಗೇ ಇರುತ್ತೆ. ಕೂತರೆ ಸೋಮವಾರ ನೇಗಿಲು ಬರುತ್ತೆ. ಹತ್ತಿ ಹಾಕ್ತೀನಿ."

"ಕೆಳಗೆ ಜನ ಇದ್ದಾರೆ ಸಾಹೇಬರೇ."

"ಇದ್ದರೆ ನೆಲಕ್ಕೆ ಒಳ್ಳೆಯದೇ," ಎಂದು ಅವನು ಗಾಡಿ ತಿರುಗಿಸಿದ.

ಮರುದಿನ ಓರ್ಫಾ ನಡೆದುಕೊಂಡೇ ಪಟ್ಟಣಕ್ಕೆ ಹೋಗಿ, ಬಿಡುಗಡೆಯಾದವರ ಅಹವಾಲು ಕೇಳಲು ಸರ್ಕಾರ ಇಟ್ಟಿದ್ದ ಅಧಿಕಾರಿಯನ್ನು ಕಂಡಳು. ಅವನು ಒಳ್ಳೆಯವನು. ಕುರ್ಚಿ ಕೊಟ್ಟ, ಅರ್ಜಿ ಬರೆದುಕೊಂಡ. ಸಿಪಾಯಿಗಳು ಬೇರೆ ಕಡೆ ಇದ್ದಾರೆ, ತಿಂಗಳೊಪ್ಪತ್ತಿನಲ್ಲಿ ನೋಡೋಣ ಎಂದ. ಅವಳು ಸಂಜೆಗೆ ಕಾಲು ಊದಿಸಿಕೊಂಡು ಬಂದಳು.

"ಅಮ್ಮ, ನಿಮ್ಮ ಮಗಳು ಅಲ್ಲಿದ್ದಾಳೆ. ನನ್ನವರು ಯಾರೂ ಇಲ್ಲ. ನಾನು ಹೇಳೋ ಹಾಗಿಲ್ಲ. ನೀವು ನಿಲ್ಲಿಸು ಅಂದರೆ ನಿಲ್ಲಿಸ್ತೀನಿ," ಎಂದಳು ಜಿಲ್ಪಾಳಿಗೆ.

ಜಿಲ್ಪಾ ಅವಳ ಕಾಲಿಗೆ ಬಿಸಿನೀರು ಇಟ್ಟಳು.

ಭಾನುವಾರ ಇಳಿಹೊತ್ತಿನಲ್ಲಿ ಈನೋಸ್ ಬಂದ. ಮೀಲಿಯ ಗಂಡ. ಆ ಸೀಮೆಯಲ್ಲಿ ಅವನಷ್ಟು ನೇರವಾಗಿ ಸಾಲು ಹೊಡೆಯುವವನು ಇನ್ನೊಬ್ಬನಿರಲಿಲ್ಲ. ಟ್ರಿಂಬಲ್‌ನ ಹೇಸರಗತ್ತೆಗಳೂ ಅವನ ಮಾತು ಮಾತ್ರ ಕೇಳುತ್ತಿದ್ದವು. ಹೆಂಡತಿ ಹೋದ ಮೇಲೆ ಅವನು ಇನ್ನೊಂದು ಮದುವೆಯಾಗಿರಲಿಲ್ಲ, ಪಾಠಕ್ಕೂ ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ಅತ್ತೆಗೆ ಸೌದೆ ಒಡೆದುಕೊಟ್ಟು ಹೋಗುತ್ತಿದ್ದ. ಜಿಲ್ಪಾ ಬೂದಿಯಲ್ಲಿ ಸುಟ್ಟ ಗೆಣಸು ತೆಗೆದು ಅವನ ಮುಂದಿಟ್ಟಳು, ಮೇಲೆ ಒಂದಿಷ್ಟು ಕಾಕಂಬಿ ಸುರಿದಳು. ಅವನು ಸಿಪ್ಪೆ ಸುಲಿಯುತ್ತಾ ಕೂತ.

"ಬಿಟ್ಟುಬಿಡಿ ಅತ್ತೆ," ಎಂದ.

"ಯಾವುದನ್ನ?"

"ಗೊತ್ತಲ್ಲ. ಓದು ಇನ್ನೊಂದು ಕಡೆ ಆಗುತ್ತೆ. ಮೀಲಿ ಇನ್ನೊಂದು ಕಡೆ ಸಿಗಲ್ಲ."

ಆ ಮಾತು ನೇರವಾಗಿ ಅವಳ ಎದೆಗೇ ಬಂತು. ಏಕೆಂದರೆ ಮೂರು ದಿನದಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದುದೂ ಅದನ್ನೇ.

"ಎಲ್ಲಿ ಆಗುತ್ತೆ, ಹೇಳಪ್ಪ. ಜಾಗ ತೋರಿಸು, ನಾಳೆನೇ ಎದ್ದು ಹೋಗ್ತೀವಿ."

ಅವನು ಗೆಣಸಿನ ಸಿಪ್ಪೆ ಸುಲಿಯುತ್ತಲೇ ಇದ್ದ.

"ಇವತ್ತು ತೋಪಿಂದ ಎದ್ದರೆ ನಾಳೆ ಹೊಳೆದಂಡೆಯಿಂದ ಏಳಿ ಅಂತಾನೆ. ಆಮೇಲೆ ರಸ್ತೆಯಿಂದ. ಮೀಲಿನ ಒತ್ತೆ ಇಟ್ಟುಕೊಂಡಿದ್ದಾನೆ ಅವನು, ಗೊತ್ತಾಗಲ್ವಾ ನಿನಗೆ? ಇದ್ದಾಗ ನನ್ನ ಮಗೂನ ತೋರಿಸಿ ನನ್ನನ್ನ ಕುಣಿಸಿದ ಅವರಪ್ಪ. ಮಾರಿಬಿಡ್ತೀನಿ ನೋಡು ಅಂತಿದ್ದ, ನಾನು ಕುಣೀತಿದ್ದೆ. ಈಗ ಸತ್ತ ಮೇಲೂ ಅವಳನ್ನೇ ತೋರಿಸಿ ಕುಣಿಸ್ತಾನೆ ಆ ಅಪ್ಪನ ಮಗ."

ಇಷ್ಟನ್ನು ಹೇಳುವವರೆಗೆ ಅವಳಿಗೇ ಅದು ತಿಳಿದಿರಲಿಲ್ಲ. ಹೇಳಿದ ಮೇಲೆ ಬೇರೆ ದಾರಿ ಇರಲಿಲ್ಲ. ಒಳಗೆ ಮಲಗಿದ್ದ ಓರ್ಫಾಳಿಗೂ ಅದು ಕೇಳಿಸಿತು.

ಈನೋಸ್ ಗೆಣಸನ್ನು ಹಾಗೇ ಕೆಳಗಿಟ್ಟ. "ಹೊಸ ವರ್ಷದ ದಿನ ಅವನ ಕರಾರಿಗೆ ಸಹಿ ಅಂತ ಗೀಟು ಎಳೆದಿದ್ದೀನಿ ಅತ್ತೆ. ಡಿಸೆಂಬರ್‌ವರೆಗೂ ಅವನು ಹೂಡು ಅಂದ ಕಡೆ ಹೂಡಬೇಕು. ಇಲ್ಲ ಅಂದರೆ ಶೆರಿಫ್ ಬರ್ತಾನೆ, ಅಲೆಮಾರಿ ಅಂತ ಹಿಡೀತಾನೆ, ಸರಪಳಿ ಹಾಕಿ ರಸ್ತೆ ಕೆಲಸಕ್ಕೆ ಕಳಿಸ್ತಾನೆ."

"ಅಂದರೆ ನಾಳೆ ನೇಗಿಲು ಹಿಡ್ಕೊಂಡು ಬರೋನು ನೀನೇ."

"ನನ್ನನ್ನ ಯಾರು ಕೇಳ್ತಾರೆ?"

"ನಾನು ಕೇಳ್ತಿದ್ದೀನಲ್ಲ."

ಅವನು ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಸೌದೆ ಒಡೆಯುವ ಸದ್ದು ಕೇಳಿತು. ಬೇಕಾದ್ದಕ್ಕಿಂತ ಹೆಚ್ಚು ಒಡೆದು, ಹೇಳದೆ ಹೋದ.

ಸೋಮವಾರ ಮೋಡವಿತ್ತು, ಮಳೆ ಇರಲಿಲ್ಲ. ಜಿಲ್ಪಾ ಬೇಗ ಹೋಗಿ ತೋಪನ್ನು ಗುಡಿಸಿದಳು. ನೆಲದ ಮೇಲಿನ ಮೂಡುಗಾಳಿ ತಣ್ಣಗೆ ಹರಿಯುತ್ತಿತ್ತು. ಮಕ್ಕಳನ್ನು ಕಳಿಸುವುದೋ ಬೇಡವೋ ಎಂದು ಪ್ರತಿ ಗುಡಿಸಲಿನಲ್ಲೂ ಮಾತಾಗಿರಬೇಕು. ಮೊದಲು ಜೂಲೈ ತಾತ ಕೋಲೂರಿಕೊಂಡು ಬಂದ. ಆಮೇಲೆ ಬಿನಾ. ಆಮೇಲೆ ಒಂದು ಮನೆಯವರು, ಇನ್ನೊಂದು ಮನೆಯವರು. ಹೊಲಕ್ಕೆ ಹೋಗಬೇಕಾದ ಗಂಡಸರೂ ಬಂದರು. ಯಾರೂ ಯಾರನ್ನೂ ಏಕೆ ಬಂದೆ ಎಂದು ಕೇಳಲಿಲ್ಲ. ಓರ್ಫಾ ಸುಟ್ಟ ಕೈಯ ಬಟ್ಟೆ ಬಿಚ್ಚಿ ಬಂದಿದ್ದಳು.

ನೇಗಿಲಿನ ಸರಪಳಿಯ ಸದ್ದು ಮೊದಲು ಕೇಳಿಸಿತು. ಟ್ರಿಂಬಲ್‌ನ ಗಾಡಿ ಮುಂದೆ, ಅದರ ಹಿಂದೆ ಕಂದು ಬಣ್ಣದ ಹೇಸರಗತ್ತೆ, ನೇಗಿಲು, ನೇಗಿಲ ಹಿಂದೆ ಈನೋಸ್. ಅವನ ಕಣ್ಣು ಕತ್ತೆಯ ಕಿವಿಗಳ ನಡುವೆ ನೆಟ್ಟಿತ್ತು.

"ಹೊಲದ ಕಡೆಯ ಅಂಚಿಂದ ಶುರು ಮಾಡು," ಎಂದ ಟ್ರಿಂಬಲ್.

ಹೊಲದ ಕಡೆಯ ಅಂಚಿನಲ್ಲಿ ಹೊಸ ಗೋರಿಗಳು. ಎಲ್ಲಕ್ಕಿಂತ ಮೊದಲು ಸಿಗುವುದು ಒಡೆದ ನೀಲಿ ಬಟ್ಟಲಿನದು, ಮೀಲಿಯದು. ಈನೋಸ್ ನೇಗಿಲನ್ನು ಅಲ್ಲಿಗೆ ತಂದು ನಿಲ್ಲಿಸಿದ. ಕತ್ತೆ ಮರಳನ್ನು ಮೂಸಿ ಮೂಗು ಒದರಿತು.

ಜಿಲ್ಪಾ ಪೊರಕೆ ಕೆಳಗಿಟ್ಟಳು. ಅವಳ ತಾಯಿ ಅವಳಿಗೆ ಮಾತು ಬರುವ ಮೊದಲೇ ಕಲಿಸಿದ್ದು ಒಂದೇ: ಗೋರಿಯ ಮೇಲೆ ನೆರಳೂ ಬೀಳದ ಹಾಗೆ ನಡೆಯಬೇಕು. ಜೀವಮಾನವೆಲ್ಲ ಅವಳು ಹಾಗೇ ನಡೆದಿದ್ದಳು. 'ಕರ್ತನೇ, ಇದು ತಪ್ಪಾದರೆ ನನ್ನ ಲೆಕ್ಕಕ್ಕೆ ಹಾಕಿಕೊ, ಮಕ್ಕಳ ಲೆಕ್ಕಕ್ಕೆ ಬೇಡ,' ಎಂದು ಒಳಗೇ ಹೇಳಿಕೊಂಡಳು. ನೀಲಿ ಬಟ್ಟಲನ್ನು ಸ್ವಲ್ಪವೂ ಕದಲಿಸದೆ, ಲಂಗ ಒಟ್ಟು ಮಾಡಿಕೊಂಡು, ಮಗಳ ಗೋರಿಯ ಮೇಲೆ ಕೂತುಬಿಟ್ಟಳು.

ಜನ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ನೆಲ ತಣ್ಣಗಿತ್ತು. ಬೇರೇನೂ ಆಗಲಿಲ್ಲ.

ಜೂಲೈ ತಾತ ಅವಳನ್ನೇ ನೋಡಿದ. ಆಮೇಲೆ ಟೋಪಿ ತೆಗೆದು, ಕೋಲು ಹಿಡಿದು, ಒಂದೊಂದೇ ಮೊಣಕಾಲು ಮಡಿಸುತ್ತಾ ತನ್ನ ಹೆಂಡತಿಯ ಗೋರಿಯ ಮೇಲೆ ಇಳಿದ. "ಸ್ವಲ್ಪ ಸರ್ಕೋ ಲೀಯಾ," ಎಂದ ಮೆಲ್ಲಗೆ.

"ಇದ್ದಾಗಲೂ ನನ್ನ ಭಾರ ಹೊತ್ತವನೇ ಇವನು," ಎಂದು ಬಿನಾ ಗಂಡನ ಮೇಲೆ ಕೂತಳು. "ಇನ್ನೊಂದಿಷ್ಟು ಹೊರಲಿ."

ಆಮೇಲೆ ಎಲ್ಲರೂ. ತಾಯಂದಿರ ಮೇಲೆ, ತಂದೆಯರ ಮೇಲೆ, ಕೈಗೂಸುಗಳ ಪುಟ್ಟ ಗೋರಿಗಳ ಪಕ್ಕದಲ್ಲಿ ಒರಗಿಕೊಂಡು, ತೋಪಿನ ತುಂಬ ಜನ ಕೂತರು. ಓರ್ಫಾ ಒಬ್ಬಳೇ ನಿಂತಿದ್ದಳು.

"ಮೇಷ್ಟ್ರಮ್ಮ, ಅಲ್ಲಿ ಮೂಲೇಲಿ ಒಬ್ಬ ಇದ್ದಾನೆ," ಎಂದಳು ಜಿಲ್ಪಾ. "ವರ್ಜೀನಿಯಾದಿಂದ ಮಾರಾಟವಾಗಿ ಬಂದವನು. ಬಂದ ತಿಂಗಳಲ್ಲೇ ಹೋದ, ಹೆಸರೂ ಯಾರಿಗೂ ಗೊತ್ತಿಲ್ಲ. ಅವನಿಗೆ ಇವತ್ತು ನೀವೇ ದಿಕ್ಕು."

ಓರ್ಫಾ ಹೋಗಿ ಆ ಹೆಸರಿಲ್ಲದವನ ಮೇಲೆ ಕೂತಳು. ಪುಸ್ತಕ ತೆರೆದಳು. ಅವಳು ಒಂದು ಸಾಲು ಓದಿದಳು, ಜನ ಅದನ್ನೇ ಹೇಳಿದರು. ಮಕ್ಕಳ ತೆಳು ದನಿ, ಗಂಡಸರ ದಪ್ಪ ದನಿ, ಹಲ್ಲಿಲ್ಲದ ತಾತನ ಗಾಳಿ ತುಂಬಿದ ದನಿ.

"ಹೊಡಿ ಕತ್ತೇನ," ಎಂದ ಟ್ರಿಂಬಲ್.

ಈನೋಸ್ ಅಲುಗಲಿಲ್ಲ. ಅವನ ಕೈ ನೇಗಿಲ ಹಿಡಿಯ ಮೇಲೇ ಇತ್ತು. ನೇಗಿಲ ಮೊನೆಗೂ ಜಿಲ್ಪಾಳ ಮೊಣಕಾಲಿಗೂ ನಡುವೆ ಒಂದು ಮಾರೂ ಇರಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ಚಿಕ್ಕಂದಿನಿಂದ ನೀನು ಎಂದೇ ಕರೆದು ಬೆಳೆಸಿದ ಹುಡುಗ ಅವನು.

"ಅಳಿಯಂದಿರೇ," ಎಂದಳು. "ಹೂಡೋದಾದರೆ ನೇರವಾಗಿ ಹೂಡಿ. ಅವಳಿಗೆ ಸೊಟ್ಟ ಸಾಲು ಕಂಡರೆ ಆಗ್ತಿರಲಿಲ್ಲ."

ಈನೋಸನ ಬಾಯಿಯ ಸುತ್ತ ಏನೋ ಒಂದು ಕುಸಿಯಿತು. ಓದು ನಿಲ್ಲಲಿಲ್ಲ. ಅವನು ನೇಗಿಲ ಹಿಡಿ ಬಿಟ್ಟ. ಹೇಸರಗತ್ತೆಯ ಮುಂದೆ ಹೋಗಿ, ಅದರ ಹಣೆ ಒಮ್ಮೆ ತಟ್ಟಿ, ಒಂದೊಂದೇ ಕೊಂಡಿ ಬಿಚ್ಚಿದ. ಸರಪಳಿ ಮರಳಿನ ಮೇಲೆ ಬಿತ್ತು. ಕತ್ತೆಯನ್ನು ನಡೆಸಿಕೊಂಡು ಹೋಗಿ, ಅದರ ಹಗ್ಗವನ್ನು ಗಾಡಿಯ ಹಿಂಬದಿಗೆ ಕಟ್ಟಿದ.

"ಏನು ಮಾಡ್ತಿದ್ದೀಯ?"

"ಇದು ನನ್ನ ಕೈಲಾಗಲ್ಲ ಸಾಹೇಬರೇ."

"ಕರಾರು ಮರೆತೆಯಾ? ಸಂಜೆಯೊಳಗೆ ಶೆರಿಫ್ ಬರ್ತಾನೆ."

"ಬರಲಿ. ಇಲ್ಲೇ ಇರ್ತೀನಿ. ಹುಡುಕೋ ಕಷ್ಟ ಇಲ್ಲ."

ಟ್ರಿಂಬಲ್‌ನ ಮುಖಕ್ಕೆ ರಕ್ತ ಏರಿತು. ಅಷ್ಟು ಜನರ ದನಿಯ ಮೇಲೆ ತನ್ನ ದನಿ ಏರಿಸಬೇಕಾಗಿ ಬಂದದ್ದು ಅವನಿಗೆ ಅದೇ ಮೊದಲಿರಬೇಕು. "ನನ್ನ ನೇಗಿಲು ಬೇಡ, ನನ್ನ ಕತ್ತೆ ಬೇಡ. ಮೈಮೇಲಿರೋ ಕೋಟು ಯಾರದು? ಕಾಲಲ್ಲಿರೋ ಬೂಟು ಯಾರದು? ಬೆಳೆ ಬಂದ ಮೇಲೆ ಮುರಿದುಕೊಳ್ಳೋಣ ಅಂತ ನಾನು ಮುಂಗಡ ಕೊಟ್ಟಿದ್ದು. ನನ್ನ ಬೂಟು ಮೆಟ್ಟಿಕೊಂಡು ನನಗೇ ಇಲ್ಲ ಅಂತೀಯಾ?"

ಈನೋಸ್ ಸ್ವಲ್ಪ ಹೊತ್ತು ತನ್ನ ಕಾಲುಗಳನ್ನೇ ನೋಡಿದ. ಆ ಮಾತು ನಿಜವೇ ಎಂದು ಒಪ್ಪಿಕೊಂಡವನಂತೆ ತಲೆಯಾಡಿಸಿದ. ಕೋಟು ತೆಗೆದು, ತೋಳಿಗೆ ತೋಳು ಕೂಡಿಸಿ ಮಡಿಸಿದ. ಆಮೇಲೆ ಬೇಲಿಯ ಕಂಬಕ್ಕೆ ಒರಗಿ, ಒಂದು ಕಾಲು ಎತ್ತಿ ಬೂಟಿನ ದಾರ ಬಿಚ್ಚಿದ. ಇನ್ನೊಂದನ್ನೂ ಬಿಚ್ಚಿದ. ಅಟ್ಟೆಗೆ ಹತ್ತಿದ್ದ ತೋಪಿನ ಮರಳನ್ನು ಅಂಗೈಯಿಂದ ಒರೆಸಿ ಅಲ್ಲೇ ನೆಲಕ್ಕೆ ಉದುರಿಸಿದ. ಎರಡು ದಾರ ಸೇರಿಸಿ ಗಂಟು ಹಾಕಿದ.

ಹಿಂದೆ ಜನ ಅದೇ ಸಾಲನ್ನು ಮತ್ತೊಮ್ಮೆ ಓದುತ್ತಿದ್ದರು. ಜಿಲ್ಪಾ ಬಾಯಲ್ಲಿ ಸಾಲು ಹೇಳುತ್ತಲೇ ತಣ್ಣನೆಯ ನೆಲದ ಮೇಲಿನ ಆ ಬರಿಗಾಲುಗಳನ್ನು ನೋಡಿದಳು.

ಅವನು ಗಾಡಿಯ ಬಳಿ ಹೋಗಿ, ಕೋಟಿನ ಮೇಲೆ ಬೂಟು ಇಟ್ಟು, ಎರಡೂ ಕೈಯಿಂದ ಚಾಚಿದ. ಟ್ರಿಂಬಲ್ ಕೈ ನೀಡಲಿಲ್ಲ. ಈನೋಸ್ ಚಾಚಿದ ಕೈ ಹಿಂದಕ್ಕೆ ತೆಗೆಯದೆ ಕಾದ. ಕೊನೆಗೆ ಟ್ರಿಂಬಲ್ ಅವನ್ನು ತೆಗೆದುಕೊಂಡು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡ.